ನಾವು ಕಂಡ ಮತ್ತವಿಲಾಸ

ನಮ್ಮ ಮನೆಯಲ್ಲಿ ನೀರನ್ನೂ ಕುಡಿಯುವುದಿಲ್ಲ. ವಾಚಕರು ಗಾಬರಿಯಾಗಬಾರದು. ನೀರು, ಚಹಾ, ಮಜ್ಜಿಗೆ ಎಲ್ಲವನ್ನೂ ನಾವು ‘ತೆಗೆದುಕೊಳ್ಳು’ತ್ತೇವೆ. ‘ಕುಡಿ’ ಎಂಬ ಕ್ರಿಯಾಪದ ಮಾತ್ರ ನಮ್ಮ ಐರೋಲಿಯ ಎರಡು ಕೋಣೆಗಳ ಮನೆಯಲ್ಲಿ ಬಳಕೆಯಲ್ಲಿಲ್ಲ. ಬಂದ ನೆಂಟರು “ಒಂದು ಕಪ್ಪು ಚಹಾ ಕುಡಿಯೋಣ” ಎಂದರೆ ನಮ್ಮಾಕೆ ಒಳಗಿನಿಂದಲೇ “ತಗೋಳ್ಳಿ, ತಗೋಳ್ಳಿ” ಎಂದು ವ್ಯಾಕರಣ ತಿದ್ದುತ್ತಾಳೆ. ಇದೆಲ್ಲ ನಮ್ಮ ಅವ್ವನ ಸಲುವಾಗಿ. ಹದಿನೆಂಟು ವರ್ಷಗಳ ಹಿಂದೆ ಅಪ್ಪ ತೀರಿಕೊಂಡ ಮೇಲೆ ಬದಾಮಿ ಕಡೆಯ ಹಳ್ಳಿಯಿಂದ ಅವಳನ್ನು ಇಲ್ಲಿಗೆ ಕರೆದುತಂದಾಗ ನಾವು ಮಾಡಿಕೊಂಡ ಮೊದಲ ಠರಾವು ಅದು. ಅಪ್ಪ ಏತರಿಂದ ತೀರಿಕೊಂಡರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

‘ನಾವು’ ಎಂದರೆ ಮಹಾರಾಜರೇನಲ್ಲ. ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು, ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ಮುಗಿಸಿದವರು. ಇಪ್ಪತ್ತು ವರ್ಷ ‘ಕೆಳಗೆ ಸಹಿ ಮಾಡಿದವರು’ ಎಂದು ಬರೆದು ಬರೆದು ‘ನಾನು’ ಎಂಬ ಪದ ಕೈಗೆ ಬಾರದಂತಾಗಿದೆ.

ಇಂಥ ಮನೆಗೆ ಒಂದು ಭಾನುವಾರ ಬೆಳಿಗ್ಗೆ ಸಂಘದ ಮಿತ್ರರೊಬ್ಬರು ನಾಟಕದ ಮೂರು ಪಾಸು ತಂದುಕೊಟ್ಟರು. ಅಂದು ಸಂಜೆಯೇ ವಾಶಿಯ ಒಂದು ಸಭಾಗೃಹದಲ್ಲಿ ಆಟ. ಐ.ಟಿ. ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರ ಹವ್ಯಾಸಿ ತಂಡ. ನಾಟಕದ ಹೆಸರು ‘ಮತ್ತವಿಲಾಸ ಪ್ರಹಸನ’. ಪಾಸಿನ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಐವರು ನಟರಲ್ಲಿ ಒಬ್ಬರು ನಿಜವಾಗಿಯೂ ಏರಿಸಿ ಬಂದಿರುತ್ತಾರೆ, ಯಾರೆಂದು ಕಂಡುಹಿಡಿಯಿರಿ, ಬಹುಮಾನ ಗೆಲ್ಲಿರಿ!

“ಇದೆಂಥಾ ಆಟರೀ?” ಎಂದೆವು. ಮಿತ್ರರು ನಕ್ಕರು. ಲಂಡನ್ನಿನಲ್ಲಿ 2010ರಿಂದ ಒಂದು ತಂಡ ಇದನ್ನೇ ಮಾಡುತ್ತ ಬಂದಿದೆಯಂತೆ. ಶೇಕ್ಸ್‌ಪಿಯರನ ನಾಟಕ, ಎಲ್ಲ ನಟರೂ ಶುದ್ಧ, ಒಬ್ಬನಿಗೆ ಮಾತ್ರ ಆಟಕ್ಕೆ ಮೊದಲು ಹೊಟ್ಟೆ ತುಂಬ ಕುಡಿಸಿ ರಂಗಕ್ಕೆ ಬಿಡುವುದು. ಅವನು ತಪ್ಪಿದಲ್ಲೆಲ್ಲ ಮಿಕ್ಕವರು ನಾಟಕವನ್ನು ಎಳೆದು ದಾರಿಗೆ ಹಚ್ಚಬೇಕು. ಜನ ದುಡ್ಡು ಕೊಟ್ಟು ಬಂದು ನಗುತ್ತಾರೆ. ನಮ್ಮ ಹುಡುಗರು ಅದರ ಸುದ್ದಿ ಕೇಳಿ ಈ ಯೋಜನೆ ಹಾಕಿದ್ದರು. ‘ಕುಡಿದವನು ಲಂಡನ್ನಿನಲ್ಲಿ ಕುಡಿದರೆ ಕಲೆ, ನಮ್ಮೂರಲ್ಲಿ ಕುಡಿದರೆ ಗಟಾರ’ ಎಂದುಕೊಂಡೆವು. ಬಾಯಿಬಿಟ್ಟು ಹೇಳಲಿಲ್ಲ. ಅವ್ವ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

ಮಿತ್ರರು ಹೋದೊಡನೆ ನಾವು ಪಾಸುಗಳನ್ನು ಪಂಚಾಂಗದ ಕೆಳಗೆ ಸರಿಸಿದೆವು. ಅಷ್ಟರಲ್ಲಿ ಅವ್ವ ತಟ್ಟೆಯಿಂದ ಕಣ್ಣು ಎತ್ತದೆ, “ನಾಟಕ ಎಷ್ಟಕ್ಕ ಶುರು?” ಎಂದಳು.

“ಅದು ಹುಡುಗರದವ್ವಾ, ನಿನಗ ಹಿಡಸೂದಿಲ್ಲ.”

“ನನಗ ಏನ ಹಿಡಸತೈತಿ ಅನ್ನೂದು ನಿನಗೇನ ಗೊತ್ತು? ಇಪ್ಪತ್ತು ವರ್ಷ ಆತು ಒಂದ ನಾಟಕ ನೋಡಿ.”

ಇದಕ್ಕೆ ಉತ್ತರವಿರಲಿಲ್ಲ. ನಮ್ಮಾಕೆ ಆಗಲೇ ಸೀರೆ ಇಸ್ತ್ರಿ ಮಾಡತೊಡಗಿದ್ದಳು.

ನಾಟಕದ ವಿಷಯ ನಮಗೆ ಅಷ್ಟಿಷ್ಟು ಗೊತ್ತಿತ್ತು. ಬರೆದವನು ಕಂಚಿಯ ಪಲ್ಲವ ರಾಜ ಒಂದನೆಯ ಮಹೇಂದ್ರವರ್ಮ, ಸುಮಾರು 1400 ವರ್ಷಗಳ ಹಿಂದಿನ ಮಾತು. ‘ಮತ್ತವಿಲಾಸ’ ಎಂಬುದು ಅವನು ತಾನೇ ಧರಿಸಿದ್ದ ಬಿರುದುಗಳಲ್ಲೊಂದು. ಈ ಮಹೇಂದ್ರವರ್ಮ ನಮ್ಮ ಊರ ಕಡೆಯವರಿಗೆ ಅಪರಿಚಿತನಲ್ಲ. ಬದಾಮಿಯ ಇಮ್ಮಡಿ ಪುಲಕೇಶಿ ದಂಡೆತ್ತಿ ಹೋದಾಗ ಪಲ್ಲವರ ದೊರೆ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಬೇಕಾಯಿತೆಂದು ರವಿಕೀರ್ತಿ ಕವಿ 634ರ ಐಹೊಳೆಯ ಶಾಸನದಲ್ಲಿ ಕೆತ್ತಿಸಿದ್ದಾನೆ. ಆ ದೊರೆ ಇವನೇ ಎಂದು ಇತಿಹಾಸಕಾರರು ಹೇಳುತ್ತಾರೆ. ಪಲ್ಲವರು ಆಮೇಲೆ ಬದಾಮಿಗೇ ಬಂದು ಲೆಕ್ಕ ಚುಕ್ತಾ ಮಾಡಿದರು, ಆ ಮಾತು ಬೇರೆ. ಅಂತೂ ಹೊರಗೆ ವೈರಿಯ ದಂಡು ಇರುವ ಕಾಲದಲ್ಲಿ ಒಳಗೆ ಕೂತು ಕುಡುಕನ ಪ್ರಹಸನ ಬರೆದ ರಾಜನ ಎದೆಗಾರಿಕೆಯನ್ನು ಮೆಚ್ಚಲೇಬೇಕು. ನಾವಾದರೆ ಮೇಲಧಿಕಾರಿಯ ತಪಾಸಣೆ ಇದ್ದ ವಾರ ರಜೆಯ ಅರ್ಜಿಯನ್ನೂ ಬರೆಯಲಾರೆವು. ಈ ಪುಸ್ತಕ ಜನರ ಕೈಗೆ ಬಂದದ್ದು 1917ರಲ್ಲಿ, ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು ಅಚ್ಚು ಮಾಡಿಸಿದ ಮೇಲೆ. ಭಾಸನ ನಾಟಕಗಳನ್ನು ಹುಡುಕಿ ಕೊಟ್ಟವರೂ ಅವರೇ.

ಐರೋಲಿಯಿಂದ ವಾಶಿಗೆ ಗಾಡಿಯಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. 2004ರಲ್ಲಿ ಈ ಮಾರ್ಗ ಶುರುವಾಗುವ ಮೊದಲು ಠಾಣೆ-ಬೇಲಾಪುರ ರಸ್ತೆಯ ಬಸ್ಸಿನಲ್ಲಿ ಜೋತಾಡುತ್ತ ಹೋದವರಿಗೇ ಇದರ ಬೆಲೆ ಗೊತ್ತು. ವಾಶಿಯಲ್ಲಿ ಇಳಿದು ರಿಕ್ಷಾ ಹಿಡಿದೆವು. ದಾರಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ ಸಿಕ್ಕಿತು. ಅದರ ಮುಂದೆ ಹಾದುಹೋಗುವಾಗಲೆಲ್ಲ ನಮಗೊಂದು ಸಣ್ಣ ಅಭಿಮಾನ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರು ಸಾಂಗಲಿಗೆ ಬಂದು ಆಡಿದ ಆಟವನ್ನು ಕಂಡು, ಅಂಥದೇ ಒಂದು ಮರಾಠಿಯಲ್ಲಿ ಆಗಲೆಂದು ಅಲ್ಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು ಭಾವೆಯವರಿಗೆ ಹೇಳಿದ್ದು, ಅದರಿಂದ 1843ರಲ್ಲಿ ‘ಸೀತಾ ಸ್ವಯಂವರ’ ಹುಟ್ಟಿದ್ದು ಮರಾಠಿಗರೇ ಒಪ್ಪುವ ಮಾತು. ಇದನ್ನು ನಾವು ರಿಕ್ಷಾದಲ್ಲಿ ವಿವರವಾಗಿ ಹೇಳಿದೆವು. ಅವ್ವ “ಹೌದೇನು” ಎಂದಳು. ನಮ್ಮಾಕೆ ಈ ಕಥೆಯನ್ನು ಹತ್ತನೆಯ ಸಲ ಕೇಳುತ್ತಿದ್ದುದರಿಂದ ಹೊರಗೆ ನೋಡಿದಳು.

ಸಭಾಗೃಹದಲ್ಲಿ ನೂರು ನೂರಿಪ್ಪತ್ತು ಜನ. ದಿಗ್ದರ್ಶಕ ಹುಡುಗ ಮುಂದೆ ಬಂದು ನಿಯಮ ಹೇಳಿದ. ಕುರ್ಚಿಯ ಮೇಲಿರುವ ಚೀಟಿಯಲ್ಲಿ ಪಾತ್ರದ ಹೆಸರು ಬರೆದು ಕೊನೆಗೆ ಸ್ಟೀಲಿನ ಡಬ್ಬಿಯಲ್ಲಿ ಹಾಕಬೇಕು. ನಮ್ಮೊಳಗಿನ ಗುಮಾಸ್ತ ಎದ್ದು ಕೂತ. ಈ ರಾಜ್ಯದಲ್ಲಿ 1949ರ ಪಾನನಿಷೇಧ ಕಾಯಿದೆ ಇನ್ನೂ ಜೀವಂತವಿದೆ, ಕುಡಿಯಬೇಕಾದರೆ ಪರ್ಮಿಟ್ ಬೇಕು, ಈ ಹುಡುಗನ ಹತ್ತಿರ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿರುವಾಗಲೇ ಪರದೆ ಸರಿಯಿತು.

ಕಂಚಿಯ ಬೀದಿಯನ್ನು ಹುಡುಗರು ಠಾಣೆ-ಬೇಲಾಪುರ ರಸ್ತೆಗೆ ತಂದಿದ್ದರು. ಕಾಪಾಲಿಕ ಸತ್ಯಸೋಮ ಹುಬ್ಬಳ್ಳಿ ಕನ್ನಡದಲ್ಲಿ ತೊದಲುತ್ತ ಬಂದ. ಜೊತೆಗೆ ಅವನ ದೇವಸೋಮೆ. ಹೆಂಡದಂಗಡಿಯನ್ನು ಯಜ್ಞಶಾಲೆಗೆ ಹೋಲಿಸುವ ಭಾಗ ಮೂಲದಲ್ಲೇ ಇದೆ. ಇಲ್ಲಿ ಅದು ಕಂಟ್ರಿ ಬಾರು, ಪುರೋಹಿತನ ಜಾಗದಲ್ಲಿ ಬೋರ್ಡಿನ ಮೇಲೆ ಬಾಕಿ ಬರೆಯುವ ಮಾಲೀಕ. ಕುಡಿದ ಭರದಲ್ಲಿ ಕಾಪಾಲಿಕ ತನ್ನ ಕಪಾಲವನ್ನು, ಅಂದರೆ ಭಿಕ್ಷೆಗೂ ಹೆಂಡಕ್ಕೂ ಅವನಿಗಿರುವ ಏಕಮಾತ್ರ ಪಾತ್ರೆಯಾದ ತಲೆಬುರುಡೆಯನ್ನು ಎಲ್ಲೋ ಕಳೆದುಕೊಳ್ಳುತ್ತಾನೆ. ಅದರಲ್ಲಿ ಸುಟ್ಟ ಮಾಂಸವೂ ಇತ್ತು. ಒಯ್ದದ್ದು ನಾಯಿಯಾಗಿರಬೇಕು, ಇಲ್ಲವೆ ಬೌದ್ಧ ಭಿಕ್ಷು! ಆ ಭಿಕ್ಷು ನಾಗಸೇನನೋ, ಬುದ್ಧನು ಒಳ್ಳೆಯ ಊಟಕ್ಕೂ ಮೆತ್ತನೆಯ ಹಾಸಿಗೆಗೂ ಅಪ್ಪಣೆ ಕೊಟ್ಟವನು ಹೆಣ್ಣು-ಹೆಂಡಕ್ಕೆ ಮಾತ್ರ ಏಕೆ ಕೊಡಲಿಲ್ಲ, ಹಳೆಯ ಮುದುಕ ಸನ್ಯಾಸಿಗಳೇ ಆ ಪುಟಗಳನ್ನು ಕಿತ್ತುಹಾಕಿರಬೇಕೆಂದು ಚಿಂತಿಸುತ್ತ ಬರುವವನು. ಕಡತದಿಂದ ಹಾಳೆ ಮಾಯವಾಗುವುದು ಇಂದು ನಿನ್ನೆಯದಲ್ಲ ಎಂದು ನಾವು ಜೋರಾಗಿಯೇ ನಕ್ಕೆವು. ಜಗಳ ಬಿಡಿಸಲು ಪಾಶುಪತ ಬಭ್ರುಕಲ್ಪ ಬರುತ್ತಾನೆ. ಚಾವಡಿಗೆ ಹೋಗೋಣವೆಂದರೆ ದೇವಸೋಮೆ ಒಪ್ಪುವುದಿಲ್ಲ. ಇವರ ವಿಹಾರಗಳಲ್ಲಿ ದುಡ್ಡಿದೆ, ಅಧಿಕಾರಿಗಳ ಬಾಯಿ ತುಂಬಬಲ್ಲರು, ನಮ್ಮ ಹತ್ತಿರ ಏನಿದೆ ಎನ್ನುತ್ತಾಳೆ. ಇದನ್ನು ಒಬ್ಬ ರಾಜನೇ ಬರೆದದ್ದು! ಕೊನೆಗೊಬ್ಬ ಹುಚ್ಚ ನಾಯಿಯ ಬಾಯಿಂದ ಕಿತ್ತುಕೊಂಡ ಕಪಾಲವನ್ನು ಹಿಡಿದು ಬಂದು ವ್ಯಾಜ್ಯ ಮುಗಿಯುತ್ತದೆ.

ಇದೆಲ್ಲ ಸರಿ. ಆದರೆ ಆಟದ ಅರ್ಧಭಾಗ ನಾವು ರಂಗವನ್ನು ನೋಡಲಿಲ್ಲ, ಅವ್ವನನ್ನು ನೋಡಿದೆವು. ಕಾಪಾಲಿಕ ಜೋಲಿ ಹೊಡೆದು ಮೊದಲ ಸಲ ಬಿದ್ದಾಗ ನಮ್ಮ ಎದೆ ಹಾರಿತು, ಎದ್ದು ಹೊರಗೆ ಹೋಗೋಣವೇ ಎಂದು ಕೇಳಬೇಕೆಂದು ಬಗ್ಗಿದೆವು. ಅವ್ವ ನಗುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಲುಕಿಸುತ್ತ ನಗುತ್ತಿದ್ದಳು. ಎರಡನೆಯ ಸಲ ಬಿದ್ದಾಗ ಸೆರಗೂ ಜಾರಿತು.

ನಿಜ ಹೇಳಬೇಕೆಂದರೆ ನಮಗೆ ಸಿಟ್ಟೇ ಬಂದಿತು. ಭರತಮುನಿ ನಾಟ್ಯಶಾಸ್ತ್ರದಲ್ಲಿ ಮದವನ್ನು ವಿಂಗಡಿಸಿ, ಕುಡಿದವರಲ್ಲಿ ಒಬ್ಬ ಹಾಡುತ್ತಾನೆ, ಒಬ್ಬ ಅಳುತ್ತಾನೆ, ಒಬ್ಬ ನಗುತ್ತಾನೆ, ಒಬ್ಬ ಬೈಯುತ್ತಾನೆ, ಒಬ್ಬ ಮಲಗುತ್ತಾನೆ ಎಂದು ಪಟ್ಟಿ ಕೊಟ್ಟಿದ್ದಾನೆ. ನಮ್ಮ ಅಪ್ಪ ಈ ಐದನ್ನೂ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದರು. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ, ಹಗಲಿಡೀ ಮಾತಿಲ್ಲ, ರಾತ್ರಿ ಅಗಸೀಬಾಗಿಲಿನಿಂದಲೇ ಧ್ವನಿ ಕೇಳುತ್ತಿತ್ತು. ಅವ್ವ ನಮ್ಮನ್ನು ಹಾಸಿಗೆಯೊಳಗೆ ಹೊಗಿಸಿ, ದೀಪ ಸಣ್ಣ ಮಾಡಿ, ತಾನು ಬಾಗಿಲ ಹತ್ತಿರ ಕೂಡುತ್ತಿದ್ದಳು. ಅವಳ ಕಿವಿಯ ಬುಗುಡಿ ಒಂದು ದಿನ ಇಲ್ಲವಾದದ್ದು ನಮಗೆ ನೆನಪಿದೆ. ಆಗ ನಾವು ಐದನೆಯ ಇಯತ್ತೆ. ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ಯಾರಿಗೂ ಕೇಳುವ ಅಗತ್ಯವಿರಲಿಲ್ಲ. ಅಂದಿನಿಂದ ನಾವು ಅಪ್ಪನ ಜೊತೆ ನೆಟ್ಟಗೆ ಮಾತಾಡಿದ್ದು ಕಡಿಮೆ. ಇಂಥವಳು ಇಲ್ಲಿ ಕೂತು ಕುಡುಕನನ್ನು ನೋಡಿ ನಗುವುದೆಂದರೆ! ಹದಿನೆಂಟು ವರ್ಷ ನಾವು ನೀರನ್ನೂ ಕುಡಿಯದೆ ಇದ್ದದ್ದು ಯಾರ ಸಲುವಾಗಿ?

ಆಟ ಮುಗಿದು ಚೀಟಿ ಬರೆಯುವ ಹೊತ್ತಾಯಿತು. ನಾವು ‘ಕಾಪಾಲಿಕ’ ಎಂದು ಬರೆದೆವು. ನಮ್ಮಾಕೆಗೆ ಹುಚ್ಚನ ಮೇಲೆ ಸಂಶಯ. ಅವ್ವ ಮಾತ್ರ ಮುಖದ ನಗು ಒರೆಸಿಕೊಂಡು, “ಆ ನ್ಯಾಯಾ ಮಾಡಾಕ ಬಂದಾವ” ಎಂದಳು.

“ಪಾಶುಪತನೇನು? ಅಂವ ತಪ್ಪಿಲ್ಲದಾಂಗ ಮಾತಾಡಿದನಲ್ಲವ್ವಾ.”

“ಅದಕ್ಕ. ಒಂದೊಂದ ಹೆಜ್ಜಿ ಅಳದು ಇಟ್ಟಾ. ಮೆಟ್ಟಲಾ ಇಳಿಯೂ ಮುಂದ ಮೊದಲ ಕಣ್ಣಲೆ ನೋಡಿದಾ, ಆಮ್ಯಾಲೆ ಕಾಲಿಟ್ಟಾ. ಕುಡದಾವ್ರು ಜೋಲಿ ಹೊಡಿಯೂದಿಲ್ಲಪಾ. ಕುಡದಿಲ್ಲ ಅಂತ ತೋರಿಸಾಕ ಹೆಣಗ್ಯಾಡತಾರ.”

ಅವಳ ಬಾಯಿಂದ ಆ ಶಬ್ದ ಕೇಳಿ ನಮ್ಮಾಕೆಯ ಪೆನ್ನು ನಿಂತೇಹೋಯಿತು. ಆಮೇಲೆ ಬರೆದಳು.

ಎಣಿಕೆ ಆಯಿತು. ಕಾಪಾಲಿಕನಿಗೆ ಭಾರಿ ಬಹುಮತ. ಮಿಕ್ಕವು ಹುಚ್ಚ, ಭಿಕ್ಷು, ದೇವಸೋಮೆಗೆ ಹಂಚಿಹೋದವು. ಪಾಶುಪತನಿಗೆ ಒಂದೇ ಒಂದು ಮತ. ಅದನ್ನು ಓದಿದಾಗ ಸಭೆಯೆಲ್ಲ ಗೊಳ್ಳೆಂದಿತು. ದಿಗ್ದರ್ಶಕ ಕೈಮುಗಿದು, “ಕ್ಷಮಿಸಬೇಕು, ನಮ್ಮಲ್ಲಿ ಯಾರೂ ಏರಿಸಿಲ್ಲ, ಸಭಾಗೃಹದವರು ಬಿಡೋದಿಲ್ಲ, ಕಾಪಾಲಿಕ ಕುಡಿದದ್ದು ಕೋಕಂ ಶರಬತ್ತು” ಎಂದ. ಮತ್ತೆ ಚಪ್ಪಾಳೆ. ಕಾಪಾಲಿಕನ ಪಾತ್ರದ ಹುಡುಗ ಒಂದೇ ಕಾಲಿನ ಮೇಲೆ ನಿಂತು ತೋರಿಸಿದ. ನಮಗೆ ಒಂದು ಬಗೆಯ ಸಮಾಧಾನವಾಯಿತು ಎನ್ನಬೇಕು. “ನೋಡಿದ್ಯಾವ್ವಾ?” ಎಂದೆವು. ಅವ್ವ ಚಪ್ಪಲಿ ಹುಡುಕುತ್ತಿದ್ದಳು.

ಹೊರಗೆ ಗಾಡಿಗಳನ್ನು ನಿಲ್ಲಿಸುವ ಕಡೆ ಆ ಪಾಶುಪತ ಹುಡುಗ ಒಬ್ಬನೇ ಇದ್ದ. ಹಣೆಯ ಮೇಲೆ ಇನ್ನೂ ವಿಭೂತಿ. ಮೋಟಾರುಸೈಕಲ್ಲಿನ ಕೀಲಿಯನ್ನು ಎರಡು ಕೈಯಲ್ಲಿ ಹಿಡಿದು ಬಹಳ ಜಾಗರೂಕತೆಯಿಂದ ತೂತಿಗೆ ಇಡುತ್ತಿದ್ದ. ನಾವು ರಿಕ್ಷಾ ಕೂಗುತ್ತಿರುವಾಗ ಅವ್ವ ನೆಟ್ಟಗೆ ಅವನ ಕಡೆ ನಡೆದಳು. ನಾವೂ ಹಿಂದೆ ಓಡಿದೆವು. ಹತ್ತಿರ ಹೋದೊಡನೆ ಏಲಕ್ಕಿಯ ವಾಸನೆ ಘಮ್ಮೆಂದು ಬಂದಿತು. ಅಪ್ಪನ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿದ್ದ ಏಲಕ್ಕಿ.

ಬಿ.ಎಸ್‌ಸಿ.ಯಲ್ಲಿ ನಾವು ಈಥೈಲ್ ಆಲ್ಕೊಹಾಲಿನ ಸೂತ್ರ, ಕುದಿಯುವ ಬಿಂದು ಎಲ್ಲ ಬಾಯಿಪಾಠ ಮಾಡಿದವರು. ಅದರ ವಾಸನೆ ಬರುವುದು ಬಾಯಿಯಿಂದಷ್ಟೇ ಅಲ್ಲ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಉಸಿರಿಗೆ. ಆದ್ದರಿಂದ ಏಲಕ್ಕಿ ಎಷ್ಟು ಅಗಿದರೂ ಅದು ಅಡಗುವುದಿಲ್ಲ. ಇದು ಪುಸ್ತಕದ ಮಾತು. ಅವ್ವ ಯಾವ ಪುಸ್ತಕವನ್ನೂ ಓದಿದವಳಲ್ಲ.

“ತಮ್ಮಾ, ಮನೀ ಎಲ್ಲಿ?”

“ಘಣಸೋಲಿ, ಅಜ್ಜಿ.”

“ಗಾಡೀ ಇಲ್ಲೇ ಇರಲಿ. ನಮ್ಮ ಸಂಗಾಟ ರೈಲಿನಾಗ ಬಾ.”

ಹುಡುಗ ನಮ್ಮನ್ನು ನೋಡಿದ, ಅವ್ವನನ್ನು ನೋಡಿದ. “ಸ್ವಲ್ಪಾನೇ ಅಜ್ಜಿ. ಮೊದಲನೇ ಸಲ ಸ್ಟೇಜ್ ಹತ್ತೋದು, ಕೈಕಾಲು ನಡುಗ್ತಿತ್ತು. ತಂಡದೋರಿಗೆ ಗೊತ್ತಿಲ್ಲ. ಹೇಳ್ಬೇಡಿ” ಎಂದ. ತುಮಕೂರಿನ ಕಡೆಯವನಂತೆ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಕೀಲಿಯನ್ನು ಅವ್ವನೇ ಅವನ ಕೈಯಿಂದ ತೆಗೆದು ನಮಗೆ ಕೊಟ್ಟಳು. ನಾವು ವಾಚಮನ್ನನಿಗೆ ಹತ್ತು ರೂಪಾಯಿ ಕೊಟ್ಟು ಗಾಡಿ ನೋಡಿಕೊಳ್ಳಲು ಹೇಳಿದೆವು.

ಠಾಣೆಯ ಗಾಡಿ ಅರ್ಧಕ್ಕರ್ಧ ಖಾಲಿ. ಹುಡುಗ ಕಿಟಕಿಯ ಹತ್ತಿರ ತಲೆ ತಗ್ಗಿಸಿ ಕೂತ. ಅವ್ವ ಎದುರಿಗೆ. ಸಾನಪಾಡಾ ದಾಟುವವರೆಗೆ ಯಾರೂ ಮಾತಾಡಲಿಲ್ಲ. ತುರ್ಭೆಯ ಹತ್ತಿರ ಅವ್ವನೇ ಶುರು ಮಾಡಿದಳು. ಹುಡುಗನಿಗೆ ಹೇಳಿದಳೋ ನಮಗೆ ಹೇಳಿದಳೋ ತಿಳಿಯದು.

“ನಮ್ಮ ಯಜಮಾನ್ರೂ ಪಾರ್ಟ ಮಾಡತಿದ್ರು. ಕುಡುಕನ ಪಾರ್ಟ ಅಂದ್ರ ಅವರದ. ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡಿ ಬಂದು ಊರಾಗ ಹಂಗ ಮಾಡಿ ತೋರಸಾವ್ರು. ಜನಾ ಬಿದ್ದ ಬಿದ್ದ ನಗತಿದ್ರು. ಆದರ ಆಟ ಇದ್ದ ದಿನಾ ಮುಟ್ಟತಿದ್ದಿಲ್ಲ. ಗಣಪತಿ ಪೂಜಿ ಮಾಡಿ ಮಾರಿಗಿ ಬಣ್ಣಾ ಹಚ್ಚಿದ್ರಂದ್ರ, ತೊಳಿಯೂ ತನಕಾ ಮುಟ್ಟತಿದ್ದಿಲ್ಲ. ರಾತ್ರೆಲ್ಲಾ ಕುಡದಾವ್ರಂಗ ಕುಣದು, ಮುಂಜಾನೆ ನೆಟ್ಟಗ ನಡಕೋತ ಮನೀಗಿ ಬರತಿದ್ರು.”

ನಮಗೆ ಆ ಮುಂಜಾವುಗಳು ನೆನಪಾದವು. ಅಪ್ಪ ಕಿವಿಯ ಹಿಂದೆ ಬಣ್ಣ ಉಳಿಸಿಕೊಂಡು ಮಧ್ಯಾಹ್ನದವರೆಗೆ ಮಲಗುತ್ತಿದ್ದರು, ಅವ್ವ ಒಲೆಯ ಮುಂದೆ ಏನೋ ಗುಣುಗುಣಿಸುತ್ತ ಉಪ್ಪಿಟ್ಟು ಮಾಡುತ್ತಿದ್ದಳು. ನಾಟಕ ಚೆನ್ನಾಗಿ ಆದದ್ದಕ್ಕೆ ಸಂತೋಷವೆಂದು ನಾವು ತಿಳಿದಿದ್ದೆವು.

“ತಾಲೀಮು ನಡದ ತಿಂಗಳಾ ಭಾಳ ಕಡಿಮಿ ಇರತಿತ್ತು,” ಎಂದಳು ಅವ್ವ. “ಒಂದ ವರ್ಷ ಊರವ್ರು ರೊಕ್ಕ ಕೂಡಲಿಲ್ಲ, ಈ ಸಲ ನಾಟಕ ಬ್ಯಾಡ ಅಂದ್ರು. ನಾನ ಬುಗುಡಿ ಒತ್ತೀ ಇಟ್ಟೆ. ಹುಬ್ಬಳ್ಳಿಯಿಂದ ಸೀನು, ಡ್ರೆಸ್ಸು ಬಾಡಿಗಿ ತರಾಕ. ಪೇಟೀ ಮಾಸ್ತರಗ ಅರ್ಧಾ ಪಗಾರ. ಬಿಡಸಾಕ ಆಗಲಿಲ್ಲ.”

ನಾವು ಕೋಪರ್‌ಖೈರಣೆಯ ಪ್ಲಾಟ್‌ಫಾರ್ಮನ್ನು ನೋಡುತ್ತ ಕೂತೆವು. ನಮ್ಮಾಕೆ ನಮ್ಮ ಮುಖ ನೋಡಿದಳು, ಏನೂ ಕೇಳಲಿಲ್ಲ. ಮೂವತ್ತೈದು ವರ್ಷ ಒಬ್ಬ ಮನುಷ್ಯನ ಖಾತೆಯಲ್ಲಿ ನಾವು ಬರೆದಿಟ್ಟ ಬಾಕಿಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದಾಗಿತ್ತು. ಉಳಿದ ಬಾಕಿಗಳು ಹಾಗೇ ಇವೆ, ಅವನ್ನು ಅಳಿಸುವುದು ನಮ್ಮಿಂದಾಗದು. ಆದರೆ ಬುಗುಡಿ ಅವರು ಒಯ್ದದ್ದಲ್ಲ.

ಹುಡುಗನ ತಲೆ ಈಗ ಮೇಲೆ ಬಂದಿತ್ತು. “ಕುಡೀದೇ ಹೇಗೆ ಅಜ್ಜಿ ಅಷ್ಟು ಚೆನ್ನಾಗಿ ಮಾಡ್ತಿದ್ರು?” ಎಂದು ಕೇಳಿದ.

“ದಿನಾ ಮಾಡತಿದ್ರಲ್ಲ,” ಎಂದಳು ಅವ್ವ. ಅವನು ನಗಬೇಕೋ ಬೇಡವೋ ತಿಳಿಯದೆ ಸುಮ್ಮನಾದ. ಅವಳೇ ನಕ್ಕಳು.

ಘಣಸೋಲಿ ಬಂದಿತು. ಹುಡುಗ ಎದ್ದು, ಬಾಗಿಲ ಕಂಬ ಹಿಡಿದು, ಪ್ಲಾಟ್‌ಫಾರ್ಮನ್ನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕಾಲಿಟ್ಟ. ಅವ್ವ ಕಿಟಕಿಯಿಂದ, “ಮುಂದಿನ ಆಟ ಎಂದೈತಿ?” ಎಂದು ಕೂಗಿದಳು.

“ಮುಂದಿನ ತಿಂಗಳು, ಡೊಂಬಿವಲೀಲಿ!”

ಗಾಡಿ ಹೊರಟಿತು. ರಬಾಳೆ ದಾಟಿದ ಮೇಲೆ ಅವ್ವ ಕೇಳಿದಳು, “ಡೊಂಬಿವಲಿ ಅಂದ್ರ ಭಾಳ ದೂರೇನಪಾ?”

ಠಾಣೆಯಲ್ಲಿ ಗಾಡಿ ಬದಲಿಸಬೇಕು ಎಂದೆವು. ಮನೆಗೆ ಬಂದಾಗ ಹನ್ನೊಂದೂವರೆ. ನಮ್ಮಾಕೆ ತಂಬಿಗೆಯಲ್ಲಿ ನೀರು ತಂದು ಅವ್ವನ ಮುಂದೆ ಇಟ್ಟು, “ಅತ್ತೀ, ನೀರು ಕುಡೀರಿ” ಎಂದಳು.